ಕೋಡಿಯ ಮೇಲಿನ ಒಂದೂವರೆ ಗೇಣು

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ನಮ್ಮೂರ ನೀರುಗಂಟಿ ಪಟೇಲರ ಜಗಲಿಯ ಮುಂದೆ ಬಂದು ನಿಂತಾಗ ನಾನು ಕೈಗಡಿಯಾರಕ್ಕೆ ಕೀ ಕೊಡುತ್ತಿದ್ದೆ. ಕೀ ಕೊಡುತ್ತಲೇ ಅವನ ಮಾತು ಕೇಳಿಸಿಕೊಂಡೆ. ಕೇಳಿಸಿಕೊಂಡು ನಕ್ಕೆ.

“ಏರಿ ಬೆವರ್ತಾ ಅದೆ ಬುದ್ಧಿ,” ಎಂದಿದ್ದ ಅವನು.

ಇದನ್ನು ಬರೆದು ಮುಗಿಸಿಬಿಡೋಣ ಎಂದು ಎಷ್ಟೋ ಸಲ ಕುಳಿತಿದ್ದೇನೆ. ಪ್ರತಿ ಸಲವೂ ಆ ನಗುವಿನ ಹತ್ತಿರ ಬಂದು ಕೈ ನಿಲ್ಲುತ್ತದೆ. ಇವತ್ತು ನಿಲ್ಲಿಸದೆ ಬರೆಯುತ್ತೇನೆ.

ನಮ್ಮ ಊರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಒಂದೂವರೆ ಮೈಲಿ ಒಳಗಿದೆ. ಊರ ಪಡುವಣಕ್ಕೆ ಕೆರೆ. ಕೆರೆಯ ಮಣ್ಣಿನ ಏರಿಯ ಬುಡದಲ್ಲಿ, ಐವತ್ತು ಹೆಜ್ಜೆಯ ಆಚೆಗೆ, ಕೆಳಗಿನ ಕೇರಿ. ಮೂವತ್ತೆರಡು ಮನೆ. ಏರಿಗೆ ಎಲ್ಲಕ್ಕಿಂತ ಹತ್ತಿರದ ಮನೆ ನೀರುಗಂಟಿಯದು. ತೂಬು ಎತ್ತುವುದು, ಇಳಿಸುವುದು, ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುವುದು ಅವನ ವಂಶದ ಕೆಲಸ. ತೂಬಿನ ಗೂಟಕ್ಕೆ ಪಟೇಲರೂ ಕೈ ಹಾಕುವಂತಿರಲಿಲ್ಲ. ಆದರೆ ಪಟೇಲರ ಜಗಲಿಯನ್ನು ಅವನೂ ಹತ್ತುವಂತಿರಲಿಲ್ಲ. ನಾನು ಶಾನುಭೋಗರ ಮಗ. ತಂದೆ ತೀರಿಕೊಂಡ ಮೇಲೆ ಮೈಸೂರಿನ ಕಾಲೇಜು ಮುಗಿಸಿ ಊರಿಗೆ ಬಂದು, ಪಟೇಲರಿಗೆ ಅರ್ಜಿ ಬರೆದುಕೊಡುವುದು, ನಕ್ಷೆ ಬರೆದುಕೊಡುವುದು ಮಾಡುತ್ತಿದ್ದೆ. ವಿಜ್ಞಾನ ಓದಿದ್ದೆ. ಊರಿನಲ್ಲಿ ಅದನ್ನು ಓದಿದವನು ನಾನೊಬ್ಬನೇ ಎಂಬುದು ನನಗೆ ಮರೆತುಹೋಗುತ್ತಲೇ ಇರಲಿಲ್ಲ.

ನಮ್ಮ ಕೆರೆ ಮಳೆಯೊಂದನ್ನೇ ನಂಬಿದ್ದ ಕೆರೆ. ನಾಲ್ಕೈದು ವರ್ಷಕ್ಕೊಮ್ಮೆ ತುಂಬುತ್ತಿತ್ತು. ಹಿಂದಿನ ವರ್ಷ ಹೊಸ ಕಾಲುವೆಯ ಕವಲೊಂದು ನಮ್ಮ ಕೆರೆಗೆ ಬಂತು. ಅದನ್ನು ತರಿಸಲು ಪಟೇಲರು ಮಂಡ್ಯಕ್ಕೆ ಹನ್ನೊಂದು ಸಲ ಹೋಗಿದ್ದರು. ನೀರು ಮೊದಲು ಬಂದ ದಿನ ಹೆಂಗಸರು ಆರತಿ ಹಿಡಿದುಕೊಂಡು ಕವಲಿನ ಜೊತೆಗೆ ನಡೆದುಬಂದರು. ಆದರೆ ಆ ನೀರು ಮುಂದಿನ ವರ್ಷವೂ ಬರುತ್ತದೆ, ಅದರ ಮುಂದಿನ ವರ್ಷವೂ ಬರುತ್ತದೆ ಎಂದು ಯಾರೂ ಒಳಗೊಳಗೆ ನಂಬಲಿಲ್ಲ. ನೂರು ವರ್ಷ ಮೋಡ ನೋಡಿ ಬದುಕಿದ ಜನ. ಕಾಲುವೆ ನೀರನ್ನೂ ಮಳೆ ನೀರಿನಂತೆಯೇ ಬಚ್ಚಿಡಲು ಹೊರಟರು. ಕೆರೆಯ ಬಡಗಣ ತುದಿಯಲ್ಲಿ ಹೆಚ್ಚಾದ ನೀರು ಹರಿದುಹೋಗುವ ಕೋಡಿಯಿದೆ. ಅದರ ಕಲ್ಲುಗಳ ನಡುವೆ ಹುಲ್ಲುಹೆಂಟೆ, ಜೇಡಿ ತುಂಬಿ ಒಂದೂವರೆ ಗೇಣು ಎತ್ತರಿಸಿದರು. ಏರಿ ಮಾತ್ರ ಹಳೆಯ ಏರಿಯೇ.

ಎತ್ತರಿಸಲು ಹೇಳಿದವರು ಪಟೇಲರು. ಬೇಡ ಎಂದವನು ನೀರುಗಂಟಿ ಒಬ್ಬನೇ. ಏರಿಗೆ ಏನೂ ಆಗುವುದಿಲ್ಲ ಎಂದು ಅಳೆದು ಹೇಳಿದವನು ನಾನು. ಅಷ್ಟೇ ಆಗಿದ್ದರೆ ಅದು ತಪ್ಪು ಅಂದಾಜು. ನಾನು ಇನ್ನೊಂದು ಮಾಡಿದ್ದೆ. ಕೋಡಿಯನ್ನು ಕಲ್ಲು ಗಾರೆಯಲ್ಲಿ ಭದ್ರವಾಗಿ ಕಟ್ಟಿಸಿಕೊಡಿ ಎಂದು ಮಂಡ್ಯದ ಕಚೇರಿಗೆ ಅರ್ಜಿ ಬರೆದಾಗ, ಜೊತೆಗಿಟ್ಟ ನಕ್ಷೆಯಲ್ಲಿ ನಾವು ಎತ್ತರಿಸಿದ ಮಟ್ಟವನ್ನೇ ಕೆಂಪು ಶಾಯಿಯಲ್ಲಿ ಎಳೆದು, ಅದರ ಮೇಲೆ ‘ಹಳೆಯ ಮಟ್ಟ’ ಎಂದು ಬರೆದೆ. ಎತ್ತರಿಸಿದ್ದೇವೆ ಎಂದರೆ ಅನುಮತಿ ಎಲ್ಲಿ ಎಂದು ಕೇಳುತ್ತಾರೆ. ಹಳೆಯದೇ ಎಂದರೆ ಕೇಳುವವರಿಲ್ಲ. ಪಟೇಲರಿಗೆ ನಕ್ಷೆ ಓದಲು ಬರುತ್ತಿರಲಿಲ್ಲ. “ಎಲ್ಲಾ ಸರ್ಯಾಗಿದ್ದದಾ?” ಎಂದು ಕೇಳಿದರು. ಸರಿಯಾಗಿದೆ ಎಂದೆ. ನನ್ನ ಜಾಣತನಕ್ಕೆ ಎರಡು ದಿನ ನಾನೇ ಖುಷಿಪಟ್ಟೆ.

ಆ ಸೋಮವಾರದ ಹಿಂದಿನ ಸಂಜೆ ಚಿತ್ತೆ ಮಳೆ ಹುಯ್ದಿತ್ತು. ಕಾಲುವೆಯೂ ಬರುತ್ತಿತ್ತು. ಬೆಳಿಗ್ಗೆ ನೀರುಗಂಟಿ ಬಂದು ಏರಿ ಬೆವರುತ್ತಿದೆ ಎಂದ.

“ಮಣ್ಣಿನ ಏರಿ ಎಂದ ಮೇಲೆ ಬೆವರಲೇಬೇಕು,” ಎಂದೆ ನಾನು. “ಎಲ್ಲ ಏರಿಗಳೂ ಬೆವರುತ್ತವೆ.”

“ಬೆವರು ತಿಳಿಯಾಗಿರ್ತದೆ ಸೋಮಿ. ಇದು ರಾಗಿ ಅಂಬ್ಲಿ ಬಂದಂಗೆ ಬತ್ತಾ ಅದೆ.”

“ಕೆಮ್ಮಣ್ಣಿನಿಂದ ಮತ್ತೇನು ಹಾಲು ಬರುತ್ತದೆಯೇನಯ್ಯಾ?”

ಜಗಲಿಯಲ್ಲಿದ್ದ ಪಟೇಲರ ಚಿಕ್ಕಪ್ಪ ತೊಡೆ ತಟ್ಟಿಕೊಂಡು ನಕ್ಕರು. ಎಪ್ಪತ್ತು ದಾಟಿದ್ದ ಗಟ್ಟಿ ಮುದುಕರು. “ಓಗ್ಲಾ ಓಗು. ಐನೋರ ಮಗ ಕಾಲೇಜ್ನಲ್ಲಿ ನೀರನ್ನೇ ಓದವ್ರೆ. ನೀನು ಬರೀ ಕುಡ್ದಿದ್ದೀಯ.”

ಪಟೇಲರೂ ನಕ್ಕರು. ಇದನ್ನು ಬರೆಯಲೇಬೇಕು. ಮುಂದೆ ಅವರು ಮಾಡಿದ್ದನ್ನು ಕಂಡವರು, ಮೊದಲಿನಿಂದಲೂ ಅವರಿಗೆ ಎಲ್ಲ ತಿಳಿದಿತ್ತು ಎಂಬಂತೆ ಮಾತನಾಡುತ್ತಾರೆ. ಇಲ್ಲ. ಅವರೂ ನಮ್ಮಂತೆಯೇ ನಕ್ಕು, “ಉಂಡು ಬತ್ತೀನಿ ನಡಿ” ಎಂದು ಒಳಗೆ ಹೋದರು.

ಉಂಡು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಹತ್ತು ಐವತ್ತು. ನೀರುಗಂಟಿ ಅಲ್ಲೇ ನಿಂತಿದ್ದ. ಹೋಗೆಂದರೆ ಹೋಗುವುದು ಅವನ ಜೀವಮಾನದ ಅಭ್ಯಾಸ. ಅವತ್ತು ಹೋಗಿರಲಿಲ್ಲ.

“ಯಾಕ್ಲಾ ಇನ್ನೂ ನಿಂತಿದ್ದೀಯೆ?”

“ಓಗಿ ಏನ್ ಮಾಡ್ಲಿ ಬುದ್ಧಿ. ನೋಡ್ತಾ ನಿಂತ್ಕಬೇಕು, ಅಷ್ಟೆ.”

ಪಟೇಲರು ಅವನ ಮುಖವನ್ನು ನೋಡಿದರು. ಮೊಣಕಾಲಿನವರೆಗೂ ಅಂಟಿದ್ದ ಕೆಂಪು ರಾಡಿಯನ್ನು ನೋಡಿದರು. ಎಕ್ಕಡ ಮೆಟ್ಟಿಕೊಳ್ಳುವುದನ್ನೂ ಮರೆತು ಬೀದಿಗೆ ಇಳಿದರು. ನಾನು ಹಿಂದೆ ಹೋದೆ, ಅವರಿಬ್ಬರಿಗೂ ಸಮಾಧಾನ ಹೇಳಬೇಕಾದೀತು ಎಂದುಕೊಂಡು.

ಏರಿಯ ಕೆಳಮೈಯಲ್ಲಿ, ತೂಬಿನ ಕಾಲುವೆ ಹೊರಬರುವ ಕಡೆಯಿಂದ ನಾಲ್ಕು ಮಾರು ದೂರದಲ್ಲಿ, ಹುಲ್ಲಿನ ನಡುವೆ ಒಂದು ತೂತು. ಮುಷ್ಟಿ ಹೋಗುವಷ್ಟು. ಅದರಿಂದ ಕೆಂಪು ನೀರು ಸದ್ದಿಲ್ಲದೆ, ಎಣ್ಣೆಯ ಹಾಗೆ, ಹೊರಗೆ ಬರುತ್ತಿತ್ತು.

“ವತ್ತಾರೆ ಎಬ್ಬೆಟ್ಟು ಗಾತ್ರ ಇತ್ತು,” ಎಂದ ನೀರುಗಂಟಿ. ಬೊಗಸೆಯಲ್ಲಿ ನೀರು ಹಿಡಿದು ಬೆರಳ ಸಂದಿಯಿಂದ ಸೋರಲು ಬಿಟ್ಟ. ಅಂಗೈಯಲ್ಲಿ ಗಂಧದಂಥ ನುಣ್ಣನೆಯ ಮಣ್ಣು ಉಳಿಯಿತು. ಅದನ್ನು ಪಟೇಲರಿಗೆ ತೋರಿಸಿದ. ನನಗೆ ತೋರಿಸಲಿಲ್ಲ. “ಏರಿ ಒಟ್ಟೆ ಒಳ್ಗೇ ಕರಗ್ತಾ ಅದೆ. ಸಂಜೆಗಂಟ ನಿಲ್ಲಾಕಿಲ್ಲ.”

ಅಲ್ಲಿಂದಲೇ ಕೆಳಗಿನ ಕೇರಿಯ ಒಲೆಯ ಹೊಗೆ ಕಾಣುತ್ತಿತ್ತು. ಯಾರೋ ಮಗುವನ್ನು ಬಯ್ಯುತ್ತಿದ್ದುದು ಕೇಳುತ್ತಿತ್ತು. ಏನಾದರೂ ಹೇಳಲೇಬೇಕು ಎನಿಸಿ, “ತೂಬು ಎತ್ತಿಬಿಡೋಣ, ನೀರು ಬೇಗ ಇಳಿಯುತ್ತದೆ,” ಎಂದೆ.

“ಬ್ಯಾಡಿ ಸೋಮಿ. ತೂಬಿನ ಪಕ್ಕದಲ್ಲೇ ತೂತು ಬಿದ್ದದೆ. ಈಗ ಎತ್ತುದ್ರೆ ನೀರು ಗುದ್ದಿ ಗುದ್ದಿ ಕಲ್ಲನ್ನೇ ಕಿತ್ಕಂಡು ಬತ್ತದೆ.”

ಪಟೇಲರು ನನ್ನ ಕಡೆ ತಿರುಗಲಿಲ್ಲ. ನೀರುಗಂಟಿಯನ್ನೇ ನೋಡುತ್ತ, “ನಾನೇನ್ ಮಾಡ್ಬೇಕು ಯೋಳು,” ಎಂದರು.

ಅವನಿಗೆ ಅರ್ಥವಾಗಲಿಲ್ಲ. “ನಾ ಯೋಳದಾ?”

“ನೀನೇ. ನಂಗೆ ಗೊತ್ತಿಲ್ಲ ಕಣ್ಲಾ. ನಿಂಗೆ ಗೊತ್ತದೆ. ಇವತ್ತು ನೀ ಯೋಳಿದ್ದೇ ಮಾತು, ನಾನು ಮಾಡೋನು.”

ಹೈಸ್ಕೂಲಿನ ಚರಿತ್ರೆಯ ಪಾಠದಲ್ಲಿ ಎಷ್ಟೋ ಸೇನಾಪತಿಗಳನ್ನು, ಅರಸರನ್ನು ಓದಿದ್ದೆ. ಆಪತ್ತಿನಲ್ಲಿ ಅವರೆಲ್ಲ ಕೈಯೆತ್ತಿ ಏನಾದರೊಂದು ಆಜ್ಞೆ ಮಾಡುತ್ತಾರೆ. ನನಗೆ ಗೊತ್ತಿಲ್ಲ ಎಂದವರು ಒಬ್ಬರೂ ನೆನಪಿಗೆ ಬರುವುದಿಲ್ಲ. ಆ ಮಾತು ಕೇಳಿದಾಗ ನನಗೆ ಮೆಚ್ಚುಗೆಯಾಯಿತೆಂದು ಬರೆದರೆ ಸುಳ್ಳಾಗುತ್ತದೆ. ದಿಗಿಲಾಯಿತು. ಪಟೇಲರಿಗೇ ಗೊತ್ತಿಲ್ಲದಿದ್ದರೆ ಮುಗಿಯಿತು ಎಂದುಕೊಂಡೆ.

ನೀರುಗಂಟಿ ಮೂರು ಕೆಲಸ ಹೇಳಿದ. ಕೇರಿ ಖಾಲಿ ಮಾಡಿಸಬೇಕು. ಕೋಡಿಯ ಹೆಂಟೆ ಒಡೆಯಬೇಕು. ಹುಲ್ಲು, ಜೇಡಿ, ಹಳೆಯ ಕೌದಿಗಳನ್ನು ಗಾಡಿಯಲ್ಲಿ ಏರಿಯ ಮೇಲಕ್ಕೆ ತರಬೇಕು. “ನನ್ನ ಎಸ್ರು ಯೋಳಿ ಕೂಗು. ನಿನ್ನ ಮಾತ ಯಾರಾದ್ರೂ ತಗದಾಕುದ್ರೆ ನನ್ನ ತಾವ ಕಳ್ಸು,” ಎಂದು ಪಟೇಲರು ಅವನಿಗೆ ಹೇಳಿ, ನನ್ನನ್ನು ಕೇರಿಗೆ ಓಡಿಸಿದರು.

ಓಡಿದೆ. ಕೇರಿಯ ಬಾಯಲ್ಲಿ ನಿಂತು, “ಎಲ್ಲರೂ ಕೂಡಲೇ ಮನೆಗಳನ್ನು ಬಿಟ್ಟು ಹೊರಡಬೇಕು, ಅಪಾಯವಿದೆ,” ಎಂದು ಕೂಗಿದೆ. ಸಭೆಯಲ್ಲಿ ಓದುವ ಧ್ವನಿಯಲ್ಲಿ. ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಒಬ್ಬಳು ನಕ್ಕು ಒಳಗೆ ಹೋದಳು. ಮೊದಲ ಮನೆಯ ಮುಂದೆ ನೀರುಗಂಟಿಯ ಹೆಂಡತಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಡಲೂ ಇಲ್ಲ.

“ಯಾರ್ ಯೋಳುದ್ದು?”

“ನಾನು ಹೇಳುತ್ತಿದ್ದೇನೆ.”

“ಅದ ಕೇಳ್ಲಿಲ್ಲ ಸೋಮಿ. ನಿಮ್ಗೆ ಯಾರ್ ಯೋಳುದ್ರು ಅಂದೆ.”

“ನಿನ್ನ ಗಂಡ.”

ಮೊರ ಬಿತ್ತು, ರಾಗಿಯ ಸಮೇತ. “ಮುತ್ತೆತ್ತಿರಾಯ!” ಎಂದವಳು ಮರುಕ್ಷಣ ಬೀದಿಯ ನಡುವೆ ನಿಂತಿದ್ದಳು. “ಏಳ್ರವ್ವ! ಪಾತ್ರೆ ಬುಡು, ಕೋಳಿ ಬುಡು, ಮಕ್ಳ ಎತ್ಕೊಳ್ರಿ! ಏಯ್ ಮುದ್ಕಿ, ಆ ಒರಳುಕಲ್ಲ ನೀರು ಓಯ್ದಾದಾ? ಬಾ ಈಚೆಗೆ!” ನಾನು ಹತ್ತು ನಿಮಿಷ ಕೂಗಿದರೂ ಏಳದ ಕೇರಿ ಅವಳ ನಾಲ್ಕು ಮಾತಿಗೆ ಎದ್ದು ನಡೆಯಿತು. ಪಟೇಲರ ಕಣದ ಕಡೆ ಸಾಲು ಹೊರಟಿತು. ಕುರುಡಿಯೊಬ್ಬಳನ್ನು ಹೊರೆಯಂತೆ ಹೊತ್ತಿದ್ದರು.

ಅಲ್ಲಿಂದ ಕೋಡಿಗೆ ಓಡಿದೆ. ಅಲ್ಲಿ ಕೆಲಸ ನಿಂತುಬಿಟ್ಟಿತ್ತು. ಪಟೇಲರ ಚಿಕ್ಕಪ್ಪ ಹೆಂಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಸುತ್ತ ಇಪ್ಪತ್ತು ಮಂದಿ ಹಾರೆ ಹಿಡಿದು ಸುಮ್ಮನೆ ನಿಂತಿದ್ದರು.

“ಒಡಿ, ನನ್ನ ಮೇಲೇ ಒಡಿ,” ಎನ್ನುತ್ತಿದ್ದರು ಮುದುಕರು. “ನಮ್ಮಪ್ಪ ಕೊನೇಗಾಲ್ದಲ್ಲಿ ಈ ಕೆರೆ ತುಂಬಿದ್ದ ಕಾಣ್ದೆ ಸತ್ತ. ಇಷ್ಟು ನೀರ ಅಳ್ಳಕ್ಕೆ ಬುಟ್ಬುಟ್ಟು ಬರೋ ವರ್ಸ ಏನ್ಲಾ ಕುಡೀತೀಯೆ? ಆ ನೀರುಗಂಟಿ ಯೋಳುದ್ನಂತೆ, ಇವನು ಕೇಳುದ್ನಂತೆ! ಊರಿಗೆ ಪಟೇಲ ಯಾರ್ಲಾ?”

ಪಟೇಲರು ಗದರಲಿಲ್ಲ. ಮುದುಕರನ್ನು ಎತ್ತಿ ಪಕ್ಕಕ್ಕೆ ಇಡುವ ತೋಳು ಅವರಿಗಿತ್ತು. ಇಡಲಿಲ್ಲ. ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಚಿಕ್ಕಪ್ಪನ ಎದುರಿಗೆ ಕೆಸರಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತರು.

“ಚಿಕ್ಕಪ್ಪ, ಇದ ಎತ್ತರಿಸಿದ್ದು ನಾನು. ಅವನು ಬ್ಯಾಡ ಅಂದಿದ್ದ. ನಾನು ಬಯ್ದೆ. ತಪ್ಪು ನಂದು. ಕೆಳ್ಗಡೆ ಮೂವತ್ತೆರಡು ಮನೆ ಅವೆ. ನೀರು ಓದ್ರೆ ನಾಳೆ ಕಾಲ್ವೆ ಕೊಡ್ತದೆ. ಕೊಡ್ದೆ ಇದ್ರೆ ನನ್ನ ಬೈಯಿ, ನಿನ್ ಮನೆ ಮುಂದೆ ನಿಂತು ಬೈಸ್ಕತೀನಿ. ಈಗ ಏಳು.”

ಅಷ್ಟು ಜನದ ಮುಂದೆ ತಪ್ಪು ನಂದು ಎಂದ ಪಟೇಲರನ್ನು ಯಾರೂ ಕಂಡಿರಲಿಲ್ಲ. ಮುದುಕರು, “ಕೈ ಕೊಡ್ಲಾ, ಮಂಡಿ ಇಡ್ಕಂಬುಟ್ಟದೆ,” ಎಂದು ಎದ್ದರು. ಮೊದಲ ಹಾರೆ ಪಟೇಲರದು. ಮೂರನೆಯ ಏಟಿಗೆ ಜೇಡಿ ಬಾಯಿಬಿಟ್ಟಿತು. ನೀರು ಕೋಡಿಯ ಮೇಲೆ ನುಗ್ಗಿದ ಸದ್ದಿಗೆ ನಾನು ಹಿಂದಕ್ಕೆ ಹಾರಿದೆ.

ಆದರೆ ಕೋಡಿಯಿಂದ ನೀರು ಇಳಿಯಲು ಸಂಜೆಯಾಗಬೇಕು. ತೂತು ಅಲ್ಲಿಯವರೆಗೆ ಕಾಯುವುದಿಲ್ಲ. ಹುಲ್ಲು ಜೇಡಿ ಎಲ್ಲಿ ಎಂದು ನೋಡಿದರೆ ಒಂದು ಗಾಡಿಯೂ ಬಂದಿಲ್ಲ. ಸೋಮವಾರ. ಸೋಮವಾರ ಬಸವಣ್ಣನ ದಿನ. ನಮ್ಮ ಕಡೆ ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಜನ ಹುಲ್ಲನ್ನು ತಲೆಹೊರೆಯಲ್ಲಿ ತರುತ್ತಿದ್ದರು, ಓಡೋಡಿ ತರುತ್ತಿದ್ದರು, ಆದರೆ ಗಾಡಿ ಕಟ್ಟಲು ಯಾರಿಗೂ ಕೈ ಬರಲಿಲ್ಲ. ಏರಿ ಒಡೆಯುತ್ತಿರುವಾಗ ನೇಮ ನೋಡುವ ಜನ ಎಂದು ಹೊರಗಿನವರು ನಗಬಹುದು. ನಾನು ನಗಲಾರೆ. ನನಗೂ ಆ ಹೊತ್ತಿನಲ್ಲಿ ಗಾಡಿ ಕಟ್ಟಿ ಎನ್ನಲು ಬಾಯಿ ಬರಲಿಲ್ಲ.

ಪಟೇಲರು ಮನೆಗೆ ಓಡಿ, ತಮ್ಮ ಬಿಳಿ ಜೋಡಿಯನ್ನು ಬಿಚ್ಚಿದರು. ಎತ್ತುಗಳ ಹಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ತಾವೇ ನೊಗಕ್ಕೆ ಕೊರಳು ಕೊಡಿಸಿದರು. “ಬಸವಣ್ಣ ಕೇಳುದ್ರೆ ನನ್ನ ಕೇಳ್ಲಿ, ನಿಮ್ಮ ಎಸ್ರು ನಾ ಯೋಳಾಕಿಲ್ಲ,” ಎಂದು ಬೀದಿಯಲ್ಲಿ ಕೂಗುತ್ತ ಗಾಡಿ ಹೊಡೆದುಕೊಂಡು ಹೋದರು. ಅವರ ಹಿಂದೆ ಒಂದು, ಮೂರು, ಏಳು ಗಾಡಿ.

ಹನ್ನೆರಡು ಮುಕ್ಕಾಲಿನ ಹೊತ್ತಿಗೆ ತೂತು ಕೊಡದ ಬಾಯಿಯಷ್ಟಾಗಿತ್ತು. ನೀರುಗಂಟಿ ಕೆರೆಯ ಕಡೆಯ ನೀರಿನ ಮೇಲೆ ರಾಗಿ ಹೊಟ್ಟು ಚೆಲ್ಲಿದ. ಹೊಟ್ಟು ತೇಲಿತು, ನಿಧಾನಕ್ಕೆ ಒಂದು ಕಡೆ ಸೇರಿತು, ಸುತ್ತತೊಡಗಿತು. ಸುತ್ತುತ್ತಲೇ ಮಾಯವಾಯಿತು. ಏರಿಯಿಂದ ಮೂರು ಮಾರು ದೂರ. “ಅಲ್ಲದೆ ಅದರ ಬಾಯಿ,” ಎಂದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಇನ್ನೊಂದು ತುದಿ ಹಿಡಿಯಲು ನಾಲ್ವರು ಮುಂದೆ ಬಂದರು.

“ಮುಂದ್ಗಡೆ ನಾನು,” ಎಂದರು ಪಟೇಲರು. ಏರಿಯ ಕಲ್ಲಿಗೆ ಹಿಮ್ಮಡಿ ಊರಿ ಕುಳಿತು ಹಗ್ಗವನ್ನು ಅಂಗೈಗೆ ಸುತ್ತಿಕೊಂಡರು.

ಅವನು ಹುಲ್ಲಿನ ಪಿಂಡಿ ತಬ್ಬಿಕೊಂಡು ಮುಳುಗಿದ. ಎದ್ದ. ಕೌದಿಯಲ್ಲಿ ಸುತ್ತಿದ ಜೇಡಿಯನ್ನು ಹಿಡಿದು ಮತ್ತೆ ಮುಳುಗಿದ. ಎದ್ದ. ಮೂರನೆಯ ಸಲ ಏಳಲಿಲ್ಲ.

ಹಗ್ಗ ಬಿಗಿಯಿತು. ಹಿಂದಿದ್ದವರು ಎಳೆದರು. ಬರಲಿಲ್ಲ. ತೂತು ಅವನ ಕಾಲನ್ನು ಹಿಡಿದಿತ್ತು. ನಾನು ಏನು ಮಾಡುತ್ತಿದ್ದೆ? ಗಡಿಯಾರ ನೋಡುತ್ತಿದ್ದೆ. ಸೆಕೆಂಡಿನ ಮುಳ್ಳು ನೋಡುತ್ತಿದ್ದೆ. ಇಪ್ಪತ್ತು. ಮೂವತ್ತೈದು. ಕೈಕಾಲು ನನ್ನವಾಗಿರಲಿಲ್ಲ, ಕಣ್ಣು ಮಾತ್ರ ಉಳಿದಿತ್ತು. ಐವತ್ತು. ಪಟೇಲರು ಹಗ್ಗ ಸಡಿಲಿಸದೆಯೇ ಏರಿಯಿಂದ ಜಾರಿ ನೀರಿಗೆ ಇಳಿದರು. ಎದೆಮಟ್ಟ. ಕೊರಳಮಟ್ಟ. ಅವರ ಕೈಯಿಂದ ರಕ್ತ ಬಂದು ಹಗ್ಗ ಕೆಂಪಾಗುವುದು ಕಂಡಿತು. ಒಂದು ನಿಮಿಷ ಐದು ಸೆಕೆಂಡು. ತಲೆ ಮುಳುಗಿಸಿ, ಎರಡು ತೋಳು ಕೆಳಗೆ ಹಾಕಿ, ಏನನ್ನೋ ತಬ್ಬಿ ಕಿತ್ತರು.

ಒಂದು ನಿಮಿಷ ಹದಿನೆಂಟು ಸೆಕೆಂಡಿಗೆ ಎರಡು ತಲೆ ಮೇಲೆ ಬಂದವು.

ನೀರುಗಂಟಿಯನ್ನು ಏರಿಯ ಮೇಲೆ ಮಗುಚಿ ಮಲಗಿಸಿದರು. ನೀರು ಕಕ್ಕಿದ. ಬಲ ಕಣಕಾಲು ತಿರುಚಿಹೋಗಿತ್ತು. ಕಣ್ಣು ಬಿಟ್ಟು ಮೊದಲು ಕೇಳಿದ್ದು, “ಕೆಳ್ಗೆ ನೋಡ್ರಿ, ನೀರು ಎಂಗ್ ಬತ್ತದೆ?” ಯಾರೋ ಏರಿಯ ಬುಡಕ್ಕೆ ಓಡಿದರು. ಅಲ್ಲಿಂದ ಕೂಗಿದರು: ಬೆರಳು ಗಾತ್ರ! ಪಟೇಲರು ಬಿಸಿಲಿನಲ್ಲಿ ನಡುಗುತ್ತ, ಸುಲಿದ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ಕುಳಿತಿದ್ದರು. “ಇನ್ನೇನ್ ಮಾಡ್ಬೇಕು ಯೋಳು,” ಎಂದು ಮತ್ತೆ ಅವನನ್ನೇ ಕೇಳಿದರು. “ಜೇಡಿ ಸುರೀರಿ ಬುದ್ಧಿ, ನಿಲ್ಲಿಸ್ಬ್ಯಾಡಿ,” ಎಂದ. ಮಧ್ಯಾಹ್ನವೆಲ್ಲ ಸುರಿದೆವು. ಆಗ ನಾನೂ ಹೊತ್ತೆ. ಹೊತ್ತು ಮುಳುಗುವಾಗ ಕೆರೆಯ ನೀರು ಒಂದು ಗೇಣು ಇಳಿದಿತ್ತು. ತೂತಿನಿಂದ ಬರುವುದು ನಿಂತಿತ್ತು. ಕೇರಿಯಲ್ಲಿ ಒಂದು ಕೋಳಿಯೂ ಸತ್ತಿರಲಿಲ್ಲ.

ಇಲ್ಲಿಗೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಮುಗಿದಿಲ್ಲವೆಂದು ಗೊತ್ತಿದ್ದವನು ನಾನೊಬ್ಬನೇ.

ಎಂಟು ದಿನದ ಮೇಲೆ ಮಂಡ್ಯದಿಂದ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ಕಣದಲ್ಲಿ ಕುರ್ಚಿ ಹಾಕಿಸಿ ಕುಳಿತು, ಕೋಲೂರಿ ನಿಂತಿದ್ದ ನೀರುಗಂಟಿಯನ್ನು, “ಕೋಡಿಗೆ ಹೆಂಟೆ ಇಟ್ಟವನು ನೀನೇ ತಾನೆ?” ಎಂದು ಕೇಳಿದರು. ಅವನು ಹೌದು ಎಂದು ಕೈಮುಗಿದ. ಇಂಥದರಲ್ಲಿ ಕೊನೆಗೆ ನೀರುಗಂಟಿಯ ಕೆಲಸ ಹೋಗುವುದು ವಾಡಿಕೆ. ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ, ಅವನಿಗೂ.

“ಕೈ ಅವನದು ಸ್ವಾಮಿ, ಮಾತು ನಂದು,” ಎಂದರು ಪಟೇಲರು. ಕೈಗೆ ಇನ್ನೂ ಬಟ್ಟೆ ಸುತ್ತಿತ್ತು. “ಅವನು ಬ್ಯಾಡ ಅಂದಿದ್ದ. ಬರ್ಕೊಳಿ. ಪಟೇಲಿಕೆ ತೆಗೆಯೋದಾದ್ರೆ ನಂದು ತೆಗೀರಿ.”

ನಾನು ಅವರ ಹಿಂದೆ ಕಾಗದದ ಕಟ್ಟು ಹಿಡಿದು ನಿಂತಿದ್ದೆ. ಅಳೆದುಕೊಟ್ಟವನು ಇವನು ಎಂದು ಅವರು ತಿರುಗಿ ತೋರಿಸಬಹುದಿತ್ತು. ತೋರಿಸಲಿಲ್ಲ. ಅಧಿಕಾರಿ ಬರೆದುಕೊಂಡು, ಚೀಲದಿಂದ ಒಂದು ನಕ್ಷೆ ತೆಗೆದು ಬಿಚ್ಚಿದರು. ನನ್ನ ನಕ್ಷೆ. “ಇರಲಿ, ಕೋಡಿಯನ್ನು ಗಾರೆಯಲ್ಲಿ ಹಳೆಯ ಮಟ್ಟಕ್ಕೇ ಕಟ್ಟಿಸಿಬಿಡೋಣ. ಮಟ್ಟ ಇದರಲ್ಲಿದೆಯಲ್ಲ,” ಎಂದು ಬೆರಳನ್ನು ಕೆಂಪು ಗೆರೆಯ ಮೇಲೆ ಇಟ್ಟರು. ಹಳೆಯ ಮಟ್ಟಕ್ಕೇ ಎಂಬ ಮಾತು ಕೇಳಿ ಕೆಳಗಿನ ಕೇರಿಯವರ ಮುಖ ಅರಳಿತು. ಅಂದೇ ಸಾಯಂಕಾಲ ಕಣ ಬಿಟ್ಟು ಮನೆಗಳಿಗೆ ಮರಳಿದರು.

ಅದು ಹಳೆಯ ಮಟ್ಟವಲ್ಲ. ಹೆಂಟೆಯ ಮಟ್ಟ. ಈ ಸಲ ಕಲ್ಲಿನಲ್ಲಿ. ಹಾರೆಗೆ ಒಡೆಯದ ಕಲ್ಲಿನಲ್ಲಿ. ನಾನು ಬಾಯಿ ತೆರೆಯಲಿಲ್ಲ.

ಆಮೇಲಿನ ರಾತ್ರಿಗಳನ್ನು ವಿವರಿಸುವುದಿಲ್ಲ. ಕಣ್ಣು ಮುಚ್ಚಿದರೆ ಸೆಕೆಂಡಿನ ಮುಳ್ಳು ಓಡುತ್ತಿತ್ತು, ಅಷ್ಟೇ. ಹೇಳಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಸುಳ್ಳು ನಕ್ಷೆ ಬರೆದವನೆಂಬ ಹೆಸರು. ಸರ್ಕಾರಿ ಕೆಲಸಕ್ಕೆ ಹಾಕಿದ ಅರ್ಜಿಯ ಗತಿ. ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕ ಬೇಕಿರಲಿಲ್ಲ. ಹೊಳಲಿನ ಕಡೆಯಿಂದ ಕಲ್ಲುಕುಟಿಗರು ಬಂದರು. ಕೋಡಿಯ ಬಳಿ ಕಲ್ಲಿನ ರಾಶಿ ಬಿತ್ತು. ಒಂದು ಬೆಳಿಗ್ಗೆ ಅವರು ನಕ್ಷೆಯ ಪ್ರಕಾರ ದಾರ ಕಟ್ಟಿದರು. ದಾರದ ನೇರಕ್ಕೆ ಕಣ್ಣಿಟ್ಟು ನೋಡಿದೆ. ಏರಿಯಲ್ಲಿ ತೂತು ಮುಚ್ಚಿದ್ದ ತೇಪೆಗಿಂತ ಎಷ್ಟೋ ಮೇಲಿತ್ತು.

ಅಲ್ಲಿಂದ ನೇರವಾಗಿ ಕೆಳಗಿನ ಕೇರಿಗೆ ಹೋದೆ. ನೀರುಗಂಟಿ ಕಾಲನ್ನು ಮಣೆಯ ಮೇಲಿಟ್ಟುಕೊಂಡು ಕುಳಿತಿದ್ದ.

“ಕೋಡಿಗೆ ಮಟ್ಟ ಅಳೆದುಕೊಟ್ಟವನು ನಾನು,” ಎಂದೆ.

“ಗೊತ್ತಲ್ಲ ಸೋಮಿ. ಗೂಟ ಇಡ್ಕಂಡು ನಿಂತಿದ್ದೋನು ನಾನೇ ಅಲ್ವ.”

“ಅದಲ್ಲ. ಕಾಗದದಲ್ಲಿ ಅದನ್ನೇ ಹಳೆಯ ಮಟ್ಟ ಎಂದು ಬರೆದಿದ್ದೇನೆ. ಈಗ ಅಷ್ಟೇ ಎತ್ತರಕ್ಕೆ ಕಲ್ಲು ಕಟ್ಟುತ್ತಾರೆ.”

ಅವನು ತನ್ನ ಕಾಲನ್ನು ನೋಡಿದ. ಅವನ ಹೆಂಡತಿ ಒಳಗಿನಿಂದ ಬಂದು ನಿಂತಳು.

“ಇದ ಯೋಳಕ್ಕೆ ಇಷ್ಟು ದಿನ ಬೇಕಾಯ್ತಾ? ನಾವು ಅದರ ಕೆಳ್ಗೆ ಮಕ್ಳ ಮನೀಕಿಸ್ಕಂಡಿದ್ದೀವಿ. ಅಷ್ಟು ಓದುಸ್ತಾರಲ್ಲ ಕಾಲೇಜ್ನಲ್ಲಿ, ಬಾಯಿ ಬುಡೋದ ಯೋಳ್ಕೊಡಾಕಿಲ್ವಾ?”

“ಸುಮ್ಕಿರಮ್ಮಿ,” ಎಂದ ಗಂಡ.

“ಯಾಕ್ ಸುಮ್ಕಿರ್ಲಿ? ಬಂದವ್ರೆ, ಯೋಳವ್ರೆ, ಸರಿ. ಇಲ್ಲಿ ಯೋಳುದ್ರೆ ಕಲ್ಲು ಕೆಳಕ್ಕಿಳೀತದಾ? ಯೋಳ್ಬೇಕಾದ ತಾವ ಓಗಿ ಯೋಳ್ಲಿ.”

ಅಲ್ಲಿಂದ ಜಗಲಿಗೆ ಬಂದು ಹೇಳಿದ್ದನ್ನು ಪಟೇಲರು ಪೂರ್ತಿ ಕೇಳಿದರು. ಬೈಯುತ್ತಾರೆಂದು ಕಾದೆ. ಅವರು ಅಂಗೈಯ ಗಾಯ ಒಣಗಿದ ಜಾಗವನ್ನು ಕೆರೆಯುತ್ತ, “ನಾನೂ ಅವತ್ತು ನಕ್ಕಿದ್ದೆ ಕಣಯ್ಯ,” ಎಂದರು. ಆಮೇಲೆ ಎದ್ದರು. “ನಡಿ. ಮದ್ದೂರ್ಗಂಟ ಗಾಡೀಲಿ ಓಗವ. ನಾನೂ ಬತ್ತೀನಿ.”

ಮಂಡ್ಯದ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಅವರು ನಿಂತುಬಿಟ್ಟರು. ಒಳಗೆ ಬನ್ನಿ ಎಂದೆ.

“ಬ್ಯಾಡ. ನಾ ಪಕ್ಕದಲ್ಲಿದ್ರೆ ನೀನು ನನ್ನ ಮುಖ ನೋಡ್ತೀಯೆ. ನಾನೂ ಒಂದೆರಡು ಮಾತು ಸೇರಿಸಿ ನಿನ್ನ ಬಚಾವ್ ಮಾಡಕ್ ನೋಡ್ತೀನಿ. ನೀನೇ ಓಗು. ನಾನಿಲ್ಲಿ ಇದ್ದೀನಿ.”

ಅಧಿಕಾರಿ ನನ್ನ ಮಾತು ಮುಗಿಯುವ ಮುನ್ನವೇ ಕೆಂಪಾದರು. ಏನೇನು ಅಂದರೋ ಅದೆಲ್ಲ ನ್ಯಾಯವಾಗಿಯೇ ಇತ್ತು. ನನ್ನ ಕೈಯಿಂದಲೇ ಹೇಳಿಕೆ ಬರೆಸಿಕೊಂಡರು. ನಕ್ಷೆಯ ಮೇಲೆ ಕೆಂಪು ಗೆರೆಯನ್ನು ಹೊಡೆದುಹಾಕಿ, ಒಂದೂವರೆ ಗೇಣು ಕೆಳಗೆ ಕಪ್ಪು ಶಾಯಿಯಲ್ಲಿ ಇನ್ನೊಂದು ಗೆರೆ ಎಳೆಸಿ, ಅದರ ಪಕ್ಕಕ್ಕೆ ನನ್ನ ರುಜು ಹಾಕಿಸಿದರು. ಅಂದೇ ಕಲ್ಲುಕುಟಿಗರಿಗೆ ಆಜ್ಞೆ ಬರೆದರು. ಸರ್ಕಾರಿ ಕೆಲಸದ ಆಸೆಯನ್ನು ಬಿಡಬಹುದು ಎಂದೂ ಹೇಳಿದರು. ಬಿಟ್ಟೆ.

ಹೊರಗೆ ಬಂದಾಗ ಪಟೇಲರು ಮರಕ್ಕೆ ಒರಗಿ ಹುರಿಗಡಲೆ ತಿನ್ನುತ್ತಿದ್ದರು. ಪೊಟ್ಟಣ ನನ್ನ ಕಡೆ ಚಾಚಿದರು. ರೈಲಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ಗಾಡಿಯಲ್ಲಿ ಊರು ಸೇರಿದಾಗ ದೀಪ ಹಚ್ಚುವ ಹೊತ್ತು. ಆಜ್ಞೆಯ ಕಾಗದವನ್ನು ಪಟೇಲರೇ ಕೋಡಿಗೆ ತೆಗೆದುಕೊಂಡು ಹೋದರು. ದಾರ ಇಳಿಯಿತಂತೆ.

ಅಂದು ಬುಧವಾರ. ಊಟ ಮಾಡಿ ಒಳಮನೆಯಲ್ಲಿ ಚಾಪೆ ಹಾಸಿದ್ದು ನೆನಪಿದೆ, ತಲೆದಿಂಬು ನೆನಪಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿ ಎದೆಯ ಮೇಲೆ ಬಂದಿತ್ತು. ಬೆಳಗಿನ ಜಾವ ಅಮ್ಮ ಎರಡು ಸಲ ಬಂದು, ಉಸಿರಾಡುತ್ತಿದ್ದೇನೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ನೋಡಿಕೊಂಡು ಹೋಗಿದ್ದಳಂತೆ.